ಹೆಬ್ಬಾಳದ ಕಿತ್ತಯ್ಯ, ಅಗರದ ಸಿರಿಮಯ್ಯ

ಬೆಂಗಳೂರಿನ ಕಥೆಯನ್ನು ಕೆಂಪೇಗೌಡರಿಂದ ಶುರುಮಾಡುವುದು ನಮ್ಮ ರೂಢಿ. 1537, ಮಣ್ಣಿನ ಕೋಟೆ, ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ. ಆ ಗೋಪುರಗಳ ಆಚೆ, ಇವತ್ತು ಫ್ಲೈಓವರು, ಅಪಾರ್ಟ್‌ಮೆಂಟು, ಐಟಿ ಕಂಪನಿಗಳಿರುವ ಕಡೆ, ಅದಕ್ಕೂ ನೂರಾರು ವರ್ಷ ಮೊದಲೇ ಊರುಗಳಿದ್ದವು. ಅವುಗಳ ಸುದ್ದಿ ಬೇಕಾದವರು ಗುಡಿಯ ಅಂಗಳ, ಕೆರೆ ಏರಿ, ಮೋರಿ ಪಕ್ಕದ ಕಲ್ಲುಗಳನ್ನು ನೋಡಬೇಕು.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲ. ರಾಷ್ಟ್ರಕೂಟರ ಕಡೆಯವರು ಪೆರ್ಬೊಳಲ್ ನಾಡಿನ, ಅಂದರೆ ಇವತ್ತಿನ ಹೆಬ್ಬಾಳದ ಸೀಮೆಯ ಮೇಲೆ ಏರಿಬಂದಾಗ ಕಿತ್ತಯ್ಯನೆಂಬವನು ಎದುರು ನಿಂತು ಕಾದಾಡಿ ಸತ್ತ. ಇಷ್ಟೇ ಸಂಗತಿ. ಕಿತ್ತಯ್ಯ ರಾಜನಲ್ಲ, ಶಾಲೆಯ ಪುಸ್ತಕದಲ್ಲಿ ಅವನಿಗೆ ಅರ್ಧ ಸಾಲೂ ಸಿಕ್ಕಿಲ್ಲ. ಆದರೂ ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೆಲ್ಲ ಹಳೆಯದು ಅವನದೇ. ಊರವರೂ ಆಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದ್ದಾರೆ.

ನನಗೆ ಹೆಚ್ಚು ಇಷ್ಟವಾಗುವುದು ಯುದ್ಧದ ಕಲ್ಲಿಗಿಂತ ನೀರಿನ ಕಲ್ಲು. ಎಚ್‌ಎಸ್‌ಆರ್ ಬಡಾವಣೆಗೆ ಅಂಟಿಕೊಂಡ ಅಗರದಲ್ಲಿ ಒಂಬತ್ತನೇ ಶತಮಾನದ ಶಾಸನವೊಂದಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ದಿಕ್ಕಿನ ಕೆರೆಯನ್ನು ತಾನೇ ಕಟ್ಟಿಸಿದ, ಅದಕ್ಕಾಗಿ ಬಿತ್ತುವಟ್ಟ ಪಡೆದ ಎಂದು ಅದು ಹೇಳುತ್ತದೆ. ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಆ ಕೆರೆಯ ಬಯಲಿನ ಗದ್ದೆಯಲ್ಲಿ ಕೊಡುತ್ತಿದ್ದ ಪಾಲೇ ಬಿತ್ತುವಟ್ಟ. ಪುಣ್ಯದ ಜೊತೆಗೆ ಹೊಟ್ಟೆಪಾಡೂ ನಡೆಯುತ್ತಿದ್ದರಿಂದ ಕೆರೆಗಳು ಉಳಿದವು ಅನ್ನಿಸುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಪಕ್ಕದಲ್ಲೇ ಇಂಥದೊಂದು ಲೆಕ್ಕಾಚಾರ ನಡೆದಿತ್ತೆಂದು ಹೇಳಿದರೆ ನಂಬಲಿಕ್ಕಿಲ್ಲ.

ಇನ್ನೂ ಸ್ವಲ್ಪ ದಕ್ಷಿಣಕ್ಕೆ ಬೇಗೂರು. ಅಲ್ಲಿನ ನಾಗೇಶ್ವರ ಗುಡಿಯ ಆವರಣದ ಕಲ್ಲೊಂದರಲ್ಲಿ 'ಬೆಂಗುಳೂರ ಕಾಳಗ'ದ ಮಾತಿದೆ. ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತದ್ದು ಆ ಕಾಳಗದಲ್ಲಿ, ಸುಮಾರು 890ರ ಹೊತ್ತಿಗೆ. ಅಜ್ಜಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಊರಿಗೆ 'ಬೆಂದಕಾಳೂರು' ಎಂದು ಹೆಸರಿಟ್ಟನೆಂಬ ವೀರಬಲ್ಲಾಳ ಬಂದದ್ದು ಅದಾಗಿ ಸುಮಾರು ಮುನ್ನೂರು ವರ್ಷದ ಮೇಲೆ. ಅಜ್ಜಿ ಕಥೆ ಅಜ್ಜಿ ಕಥೆಯಾಗಿಯೇ ಇರಲಿ. ನಾಗತ್ತರನ ಹೆಸರಿರುವ ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ಮೇಲೆಬಿದ್ದು ಹೋರಾಡುವ ಅದರ ಕೆತ್ತನೆ ಗಂಗರ ಕಾಲದ ಅತ್ಯುತ್ತಮ ಕೆಲಸಗಳಲ್ಲೊಂದು. ಬೆಂಪೂರು ಹನ್ನೆರಡು, ಅಂದರೆ ಆಗಿನ ಬೇಗೂರಿಗೆ ಸೇರಿದ ಹನ್ನೆರಡು ಹಳ್ಳಿಗಳ ಪಟ್ಟಿಯೂ ಅದರಲ್ಲಿದೆ. ಮ್ಯೂಸಿಯಮ್ಮಿನಲ್ಲಿ ಕಲ್ಲು ಭದ್ರವಾಗಿದೆ ನಿಜ, ಆದರೆ ತನ್ನ ಹನ್ನೆರಡು ಹಳ್ಳಿಗಳಿಂದ ದೂರವಾಗಿದೆ.

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ತಮಿಳು ಶಾಸನಗಳಿವೆ. ಭಾಷೆಯ ಜಗಳಕ್ಕೆ ಕಲ್ಲು ಹುಡುಕುವವರು ಎರಡೂ ಕಡೆ ಇದ್ದಾರೆ. ಕಲ್ಲುಗಳ ಪಾಡಿಗೆ ಕಲ್ಲುಗಳು ದಾನ, ಕೆರೆ, ತೆರಿಗೆಗಳ ಮಾತಾಡುತ್ತವೆ.

ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಆದರೆ ಅಲ್ಲಿನ ವಿಳಾಸ ಊರ ಮುಂದಿನ ಹೊಲ, ಗುಡಿಯ ಮುಂಭಾಗ, ಕೆರೆಯ ಹತ್ತಿರ ಎನ್ನುವಂಥದು. ಹೊಲ ಸೈಟುಗಳಾದ ಮೇಲೆ ಆ ವಿಳಾಸ ಹಿಡಿದು ಹೋದವರಿಗೆ ಎಷ್ಟೋ ಕಡೆ ಕಾಂಪೌಂಡು ಗೋಡೆ ಸಿಗುತ್ತದೆ. ಕೆಲವು ಕಲ್ಲು ಚರಂಡಿಗೆ ಹಾಸಾದವು, ಕೆಲವು ಬಟ್ಟೆ ಒಗೆಯಲು ಹೋದವು, ಕೆಳಗೆ ನಿಧಿಯಿದೆ ಎಂದು ಕೆಲವನ್ನು ಒಡೆದರು. ಭಕ್ತಿಯೂ ಕಡಿಮೆ ಹಾನಿ ಮಾಡಿಲ್ಲ. ಎಣ್ಣೆ ಮೆತ್ತಿ, ಪೇಂಟು ಬಳಿದು ಅಕ್ಷರ ಮುಚ್ಚಿಹೋದ ಕಲ್ಲುಗಳಿವೆ.

ಉಳಿದವುಗಳ ಬೆನ್ನುಹತ್ತಿದವರು ಪಿ.ಎಲ್. ಉದಯಕುಮಾರ್ ಮತ್ತು ಅವರ ಜೊತೆಗಾರರು. 1909ರಲ್ಲಿ ಶುರುವಾದ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯಲ್ಲಿ ಈಗ ಬೆಂಗಳೂರು ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ನಡೆಯುತ್ತಿದೆ. ಹಿಂದೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಸ್ಕ್ಯಾನರಿಗೆ ಕಲ್ಲು ಮುಟ್ಟುವ ಅಗತ್ಯವೇ ಇಲ್ಲ. ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿದರೆ, ಸವೆದು ಕಣ್ಣಿಗೆ ಕಾಣದಂತಾದ ಗೆರೆಯೂ ನೆರಳಿನಲ್ಲಿ ಮೂಡುತ್ತದೆ. ನಾಳೆ ಕಲ್ಲೇ ಹಾಳಾದರೂ ಓದು ಉಳಿಯುತ್ತದೆ.

ಹೋಗಿ ನೋಡುವ ಮನಸ್ಸಿದ್ದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಒಳ್ಳೆಯದು. ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣುವುದೇ ಇಲ್ಲ. ನೆರಳಿನಲ್ಲಿರುವ ಕಲ್ಲಿಗೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಮೈದಾ, ಸೀಮೆಸುಣ್ಣ ಉಜ್ಜಬೇಡಿ. ಗುಡಿಗಳಲ್ಲಿರುವ ಕಲ್ಲುಗಳಿಗೆ ಅರ್ಚಕರನ್ನು ಕೇಳಿಯೇ ಹೋಗಿ, ಮಧ್ಯಾಹ್ನವಾದರೆ ಬಾಗಿಲು ಹಾಕಿರುತ್ತಾರೆ.