ಅಡ್ಮಿಟ್ ಆಗದೆಯೂ ಕುಡಿತ ಬಿಡಬಹುದು

ಕುಡಿತಕ್ಕೆ ಚಿಕಿತ್ಸೆ ಎಂದರೆ ತಿಂಗಳುಗಟ್ಟಲೆ ಕೂಡಿಹಾಕುವುದು ಎಂದೇ ಹಲವರ ನಂಬಿಕೆ. ಕೆಲಸ ಹೋದೀತು, ಊರಿಗೆಲ್ಲ ಗೊತ್ತಾದೀತು ಎಂಬ ಅಂಜಿಕೆಯಿಂದ ಅವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ನಿಜವೆಂದರೆ, ಬಹಳಷ್ಟು ಜನರಿಗೆ ಮನೆಯಿಂದ ಬಂದುಹೋಗುವ ಚಿಕಿತ್ಸೆಯೇ ಸಾಕು. ಅದರಲ್ಲೇ ಬಿಗಿಯಾದ ಕ್ರಮವೊಂದಿದೆ: ತೀವ್ರ ಹೊರರೋಗಿ ಚಿಕಿತ್ಸೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಈ ಕ್ರಮದಲ್ಲಿ ವಯಸ್ಕರು ವಾರಕ್ಕೆ ಕನಿಷ್ಠ 9 ಗಂಟೆ ಚಿಕಿತ್ಸೆ ಪಡೆಯುತ್ತಾರೆ. ಸಾಮಾನ್ಯವಾಗಿ ವಾರದಲ್ಲಿ 3 ದಿನ, ದಿನಕ್ಕೆ 3 ಗಂಟೆ.

ಮೊದಲ ವಾರದ ಅಪಾಯ

ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತೋಚುವುದಿಲ್ಲ. ಇದು ಪ್ರಾಣಕ್ಕೇ ಕುತ್ತು. ಹಾಗಾಗಿ ಕೋಣೆಗೆ ಬೀಗ ಹಾಕಿ ಕುಡಿತ ಬಿಡಿಸಲು ಹೋಗಬೇಡಿ. ಹಿಂದೆ ಫಿಟ್ಸ್ ಬಂದಿದ್ದವರು, ಯಕೃತ್ತು ಅಥವಾ ಹೃದಯದ ತೊಂದರೆ ಇರುವವರು, ಆತ್ಮಹತ್ಯೆಯ ಯೋಚನೆ ಇರುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಮೊದಲು ಅಡ್ಮಿಟ್ ಆಗುವುದೇ ಕ್ಷೇಮ. ಉಳಿದವರಿಗೆ ವೈದ್ಯರು ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ. ಜೊತೆಗೆ ಮಿದುಳಿನ ರಕ್ಷಣೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ.

ಆಮೇಲೆ ಏನು ನಡೆಯುತ್ತದೆ?

ಆಪ್ತ ಸಮಾಲೋಚನೆಯಲ್ಲಿ ಆಸೆ ಕೆರಳುವ ಗಳಿಗೆಗಳನ್ನು ಗುರುತಿಸುತ್ತಾರೆ: ಸಂಬಳದ ದಿನ, ಹಳೆಯ ಗೆಳೆಯನ ಫೋನ್, ಮನೆಯ ಜಗಳ. ಪ್ರತಿಯೊಂದಕ್ಕೂ ಮೊದಲೇ ಉತ್ತರ ಸಿದ್ಧಪಡಿಸುತ್ತಾರೆ. ಬಂದ ಸಂಬಳ ಹೆಂಡತಿಯ ಖಾತೆಗೆ ಹೋಗಲಿ, ಬಾರ್ ಇರುವ ದಾರಿ ಬಿಟ್ಟು ಬೇರೆ ದಾರಿ ಹಿಡಿಯಲಿ, ಇಂಥವು. ಗುಂಪು ಚರ್ಚೆ, ಮನೆಯವರೊಂದಿಗೆ ಮಾತುಕತೆ, ಬೇಕಾದಾಗ ಮೂತ್ರ ಪರೀಕ್ಷೆ ಇರುತ್ತವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ಮತ್ತೆ ಕುಡಿತಕ್ಕೆ ಬೀಳದಂತೆ ನೆರವಾಗುತ್ತವೆ.

ಕುಡಿತ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಡೈಸಲ್ಫಿರಾಂ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ಕುಡಿಯುವವರಿಗೆ ಗೊತ್ತಿಲ್ಲದಂತೆ ಅನ್ನ-ಸಾರಿನಲ್ಲಿ ಬೆರೆಸಿಕೊಟ್ಟರೆ ಜೀವವೇ ಹೋಗಬಹುದು.

ನಡುವೆ ಒಮ್ಮೆ ಕುಡಿದರೆ ಚಿಕಿತ್ಸೆ ಸೋತಿತೆಂದಲ್ಲ. ಮರುದಿನವೇ ಹೋಗಿ ವೈದ್ಯರಿಗೆ ಹೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಮೊದಲ ಮಾತು ಫೋನಿನಲ್ಲೇ ಆಗಲಿ ಎನ್ನುವವರು ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆಮಾಡಿ. ಎರಡೂ ಉಚಿತ.