ಪೈವಳಿಕೆಯ ಕರೆಯಲ್ಲಿ ರೀಲ್ ಕ್ಯಾಮೆರಾ

ಮೊಬೈಲಿನಲ್ಲಿ ಬೆರಳೊತ್ತಿ ಹಿಡಿದರೆ ಸಾಲುಸಾಲು ಚಿತ್ರ ಬೀಳುವ ಈ ಕಾಲದಲ್ಲಿ, ಪ್ರತಿ ಚಿತ್ರಕ್ಕೂ ಹೆಬ್ಬೆರಳಿನಿಂದ ಲಿವರ್ ಎಳೆಯಬೇಕಾದ ಹೊಸ ಕ್ಯಾಮೆರಾವೊಂದು 2024ರಲ್ಲಿ ಮಾರುಕಟ್ಟೆಗೆ ಬಂತು. ಜಪಾನಿನ ರಿಕೋ ಕಂಪನಿಯ ಪೆಂಟಾಕ್ಸ್ 17. ಮದುವೆ, ಉಪನಯನ, ಯಕ್ಷಗಾನವೆಂದು ರೀಲು ಸುತ್ತಿಯೇ ಹೊಟ್ಟೆ ಹೊರೆದ ನನ್ನಂಥವನಿಗೆ ಕೈ ತುರಿಸದಿದ್ದೀತೇ? ಓಟದ ಮುಂದೆ ಹಿಡಿದರಷ್ಟೇ ಕ್ಯಾಮೆರಾದ ಯೋಗ್ಯತೆ ತಿಳಿಯುವುದು. ಅದಕ್ಕಾಗಿ ಬೇರೆ ಕಡೆಯವರು ಮೋಟಾರ್ ರೇಸಿಗೆ ಹೋಗುತ್ತಾರೆ. ಕಾಸರಗೋಡಿನವರಾದ ನಮಗೆ ಪೈವಳಿಕೆಯಿದೆ. ಮಂಜೇಶ್ವರ ತಾಲೂಕಿನ ಆ ಊರಿನ ಬೋಳಂಗಳದಲ್ಲಿ ನಡೆಯುವ ಅಣ್ಣ-ತಮ್ಮ ಜೋಡುಕರೆ ಕಂಬಳಕ್ಕೆ ಹೊರಟೆ.

ಕೋಣಗಳ ಓಟವನ್ನು ಹಗುರವಾಗಿ ಕಾಣಬೇಡಿ. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ದಾಟಿದ್ದರು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ಮಿಗಿಲು. ಈ ಕ್ಯಾಮೆರಾದ ಶಟರಿನ ಗರಿಷ್ಠ ವೇಗ ಸೆಕೆಂಡಿನ 350ನೇ ಒಂದು ಭಾಗ. ಅಷ್ಟರೊಳಗೂ ಕೋಣ ಸುಮಾರು ಮೂರು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದರೆ ಕೊಂಬು, ಮೂತಿ ಕದಡಿಹೋಗುತ್ತವೆ. ಹಾಗಾಗಿ ಸೊಂಟದಿಂದ ಮೇಲೆ ಮೈಯನ್ನೇ ಓಟದ ಜೊತೆಗೆ ತಿರುಗಿಸುತ್ತ ಗುಂಡಿ ಒತ್ತಬೇಕು. ಆಗ ಕೋಣಗಳು ಸ್ಪಷ್ಟವಾಗಿ ಮೂಡಿ, ಹಿಂದಿನ ಜನಜಂಗುಳಿ ಮಾತ್ರ ಗೆರೆಗೆರೆಯಾಗುತ್ತದೆ.

ಇದು ಮೋಟಾರ್ ರೇಸಿನ ಫೋಟೋಗ್ರಾಫರುಗಳ ಹಳೆಯ ವಿದ್ಯೆ. 1910ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರ್ಯಾನ್ ಪ್ರೀಯಲ್ಲಿ ಜಾಕ್ ಆನ್ರಿ ಲಾರ್ತೀಗ್ ಎಂಬ ಹುಡುಗ ಹೀಗೇ ಕ್ಯಾಮೆರಾ ತಿರುಗಿಸುತ್ತ ಒಂದು ಕಾರನ್ನು ಹಿಡಿದ. ಚಿತ್ರದಲ್ಲಿ ಕಾರಿನ ಚಕ್ರ ಮೊಟ್ಟೆಯಾಕಾರಕ್ಕೆ ಮುಂದೆ ವಾಲಿತ್ತು, ನೋಡುತ್ತ ನಿಂತವರೆಲ್ಲ ಹಿಂದಕ್ಕೆ ವಾಲಿದ್ದರು. ಆ ಕ್ಯಾಮೆರಾದ ಶಟರ್ ಒಂದು ಸೀಳಾಗಿ ಗಾಜಿನ ಫಲಕದ ಮುಂದೆ ಸರಿಯುತ್ತಿತ್ತು. ಚಿತ್ರದ ಒಂದು ತುದಿ ಮೊದಲು, ಇನ್ನೊಂದು ತುದಿ ಆಮೇಲೆ ಬೆಳಕು ಕಂಡಿತ್ತು. ಮೊಬೈಲಿನಲ್ಲಿ ಫ್ಯಾನಿನ ರೆಕ್ಕೆ ಡೊಂಕಾಗಿ ಕಾಣುವುದೂ ಇಂಥದೇ ಕಾರಣಕ್ಕೆ: ಅದು ದೃಶ್ಯವನ್ನು ಸಾಲುಸಾಲಾಗಿ ಓದುತ್ತದೆ. ಪೆಂಟಾಕ್ಸಿನ ಶಟರ್ ಲೆನ್ಸಿನೊಳಗೇ ಎಲೆಗಳಂತೆ ತೆರೆದು ಮುಚ್ಚಿಕೊಳ್ಳುತ್ತದೆ. ಇಡೀ ಚಿತ್ರಕ್ಕೆ ಒಟ್ಟಿಗೇ ಬೆಳಕು ಬೀಳುವುದರಿಂದ ಕೋಣಗಳ ಕಾಲು ಎಲ್ಲಿಯೂ ಸೊಟ್ಟಗಾಗಿರಲಿಲ್ಲ.

ಇದು ಹಾಫ್ ಫ್ರೇಮ್ ಕ್ಯಾಮೆರಾ. 36 ಚಿತ್ರದ ರೀಲಿನಲ್ಲಿ 72 ಸಿಗುತ್ತವೆ. ಕ್ಯಾಮೆರಾವನ್ನು ನೇರ ಹಿಡಿದರೆ ಚಿತ್ರ ನೀಳವಾಗಿ, ನಿಂತ ಆಕಾರದಲ್ಲಿ ಬೀಳುತ್ತದೆ. ಹಗ್ಗ, ನೇಗಿಲು ವಿಭಾಗದ ಓಟಕ್ಕೆ ಅಡ್ಡ ತಿರುಗಿಸಲೇಬೇಕು. ಆದರೆ ಕೆನೆ ಹಲಗೆ ವಿಭಾಗಕ್ಕೆ ಈ ನೀಳ ಚೌಕಟ್ಟು ಹೇಳಿ ಮಾಡಿಸಿದಂತಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ವೇಗವಲ್ಲ, ಓಡಿಸುವವನು ನಿಲ್ಲುವ ಹಲಗೆಯ ತೂತಿನಿಂದ ಚಿಮ್ಮುವ ನೀರು. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಬೇಕು.

ಎಲ್ಲಿ ನಿಲ್ಲಲಿ ಎಂದು ಯೋಚಿಸುತ್ತಿದ್ದಾಗ, ಹಿಂದೆ ಕೋಣ ಓಡಿಸಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದರು. "ನೀವು ಕೋಣದ ಮುಖ ನೋಡ್ತಾ ಕೂತ್ರೆ ನೀರು ತಪ್ತದೆ. ಹಲಗೆ ಮೇಲಿರುವ ಓಡಿಸುವವನ ಕಾಲು ನೋಡಿ. ಕಾಲು ಒತ್ತಿದ್ದು ಕಂಡ ಕೂಡ್ಲೆ ನಿಮ್ಮ ಗುಂಡಿ ಒತ್ತಿ" ಎಂದರು. ಯಾವ ಕೈಪಿಡಿಯಲ್ಲೂ ಇಲ್ಲದ ಪಾಠ. ನಿಶಾನೆಗೆ ಎದುರಾಗಿ ನಿಂತು ದೂರದ ಗುರುತನ್ನು ಬೆಟ್ಟದ ಚಿಹ್ನೆಗೆ ಇಟ್ಟೆ. ಈ ಕ್ಯಾಮೆರಾದಲ್ಲಿ ಫೋಕಸ್ ಅಳತೆಯೆಲ್ಲ ನಮ್ಮ ಅಂದಾಜೇ. ಆಮೇಲೆ ನನ್ನ ಕಣ್ಣು ಕಾಲನ್ನು ಬಿಟ್ಟು ಕದಲಲಿಲ್ಲ. ಒಂದು ಜೋಡಿಗೆ ಒಂದೇ ಚಿತ್ರ. ಲಿವರ್ ಎಳೆಯುವಷ್ಟರಲ್ಲಿ ಅವರು ಕರೆಯ ಕೊನೆಯ ಮಂಜೊಟ್ಟಿ ಸೇರಿರುತ್ತಾರೆ.

ಕತ್ತಲಾಗಿ ದೀಪ ಹತ್ತಿದ ಮೇಲೆ ಆಟ ಬೇರೆ. ಶಟರಿನ ವೇಗವನ್ನು ನಾವೇ ಆರಿಸಲು ಇದರಲ್ಲಿ ದಾರಿಯಿಲ್ಲ, ಅದು ಬೆಳಕು ನೋಡಿ ತಾನೇ ನಿರ್ಧರಿಸುತ್ತದೆ. ಉಪಾಯವೊಂದಿದೆ: ಡಯಲನ್ನು 'ಬೊಕೆ'ಗೆ ತಿರುಗಿಸಿದರೆ ಲೆನ್ಸ್ ಪೂರ್ತಿ ತೆರೆದುಕೊಂಡು, ಆ ಬೆಳಕಿನಲ್ಲಿ ಸಾಧ್ಯವಾದಷ್ಟು ಶೀಘ್ರದ ಶಟರ್ ಸಿಗುತ್ತದೆ.

ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆದೆ. ಡೆವಲಪರ್ 20 ಡಿಗ್ರಿಯಲ್ಲಿರಬೇಕು. ನಮ್ಮ ಕರಾವಳಿಯ ನಳ್ಳಿ ನೀರು ಅದಕ್ಕಿಂತ ಎಷ್ಟೋ ಬೆಚ್ಚಗೆ, ಆದ್ದರಿಂದ ಬಕೆಟಿನ ನೀರಿಗೆ ಐಸ್ ಹಾಕಿ ಅದರಲ್ಲಿ ಬಾಟಲಿ ಇಡುವ ಹಳೆಯ ಉಪಚಾರವೇ ಗತಿ.

ಯಾರು ಗೆದ್ದರೆಂದು ತೋರಿಸಲು ಇದು ತಕ್ಕ ಕ್ಯಾಮೆರಾ ಅಲ್ಲ. ಅದಕ್ಕೆ ಈಗ ಕಂಬಳದಲ್ಲಿ ಲೇಸರ್ ಇದೆ, ಪತ್ರಿಕೆಯವರ ಡಿಜಿಟಲ್ ಕ್ಯಾಮೆರಾಗಳಿವೆ. ಓಟದ ಒಳಗುಟ್ಟು ತಿಳಿದವನಿಗೆ ಮಾತ್ರ ಇದು ಒಲಿಯುತ್ತದೆ. ಹಾಗಾಗಿ ಪ್ರಯೋಗ ಮಾಡಬೇಕೆನ್ನುವವರಿಗೆ ನನ್ನ ಸಲಹೆ: ಮೊದಲ ಕೆಲವು ಜೋಡಿಗಳನ್ನು ಬರಿಗಣ್ಣಿನಲ್ಲಿ ನೋಡಿ, ಓಡಿಸುವವರ ಜೊತೆ ಮಾತಾಡಿ, ಆಮೇಲೆ ರೀಲು ಹಾಕಿ. ಲೆನ್ಸ್ ಒರೆಸಲು ಒಣ ಬಟ್ಟೆ ಮರೆಯಬೇಡಿ, ಕರೆಯ ಕೆಸರು ಎಷ್ಟು ದೂರಕ್ಕಾದರೂ ಹಾರೀತು.