ನಾಯಿಮರಿಯನ್ನು ಮನೆಗೆ ತರಲು ಸರಿಯಾದ ವಯಸ್ಸು ಯಾವುದು?

ಶಾಲೆಯ ಹಿಂದೆ ಬೀದಿನಾಯಿಯೊಂದು ಮರಿ ಹಾಕಿದೆ ಎಂದುಕೊಳ್ಳಿ. ಮರಿಗಳು ಕಣ್ಣು ಬಿಡುವಷ್ಟರಲ್ಲೇ 'ಇದು ನನಗೆ, ಅದು ನಿನಗೆ' ಎಂದು ಮಕ್ಕಳು ಹಂಚಿಕೊಂಡಿರುತ್ತಾರೆ. ಕೆಲವರು ಅಂದೇ ಮನೆಗೆ ಎತ್ತಿಕೊಂಡು ಹೋಗುತ್ತಾರೆ. ಪ್ರೀತಿಯಿಂದ ಮಾಡಿದ ಈ ಕೆಲಸ ಮರಿಯ ಪ್ರಾಣಕ್ಕೇ ಎರವಾಗಬಹುದು. ಏಕೆ?

ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ದೇಹದ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳಲೂ ಆಗದು. ತಾಯಿಯ ಮೈಬಿಸಿ ಮತ್ತು ಹಾಲೇ ಅದಕ್ಕೆ ಆಸರೆ. ಕಣ್ಣು ತೆರೆಯಲು 10ರಿಂದ 14 ದಿನ ಬೇಕು. ಮುಂದೆ ಒಡಹುಟ್ಟಿದ ಮರಿಗಳೊಡನೆ ಆಟ ಶುರುವಾಗುತ್ತದೆ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್‌ಗುಟ್ಟಿ ಆಟ ನಿಲ್ಲಿಸುತ್ತದೆ. ಹಲ್ಲನ್ನು ಎಷ್ಟು ಮೆಲ್ಲಗೆ ಊರಬೇಕೆಂಬ ಪಾಠ ಹೀಗೆ ದೊರೆಯುತ್ತದೆ. ಬೇಗ ಬೇರ್ಪಟ್ಟ ಮರಿಗೆ ಈ ಪಾಠ ತಪ್ಪಿಹೋಗುತ್ತದೆ.

ಹಾಗಾದರೆ ತಡವಾಗಿ ತಂದರೆ ಒಳ್ಳೆಯದೇ? ಅದೂ ಅಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಡೆಸಿದ ಪ್ರಯೋಗದ ವರದಿ 1961ರಲ್ಲಿ ಪ್ರಕಟವಾಯಿತು. ಎತ್ತರದ ಬೇಲಿಯೊಳಗೆ, ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಲಾಯಿತು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ಗುಂಪಿಗೆ ಒಂದು ವಾರ ಮಾತ್ರ ಮನುಷ್ಯರ ಒಡನಾಟ ಒದಗಿಸಲಾಯಿತು. ಐದರಿಂದ ಒಂಬತ್ತು ವಾರಗಳ ನಡುವೆ ಒಡನಾಟ ದೊರೆತ ಮರಿಗಳು ಜನರಿಗೆ ಹೊಂದಿಕೊಂಡವು. 14 ವಾರಗಳವರೆಗೂ ಮನುಷ್ಯರನ್ನು ಕಾಣದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿದವು. ಸುಮಾರು ಮೂರರಿಂದ ಹನ್ನೆರಡು ವಾರಗಳ ಈ ಅವಧಿಗೆ 'ಸಾಮಾಜೀಕರಣದ ಅವಧಿ' ಎಂದು ಹೆಸರು.

ಇಲ್ಲೊಂದು ತೊಡಕಿದೆ. ಗಿಣ್ಣುಹಾಲಿನಿಂದ ಮರಿಗೆ ಬಂದ ತಾಯಿಯ ಪ್ರತಿಕಾಯಗಳು ವಾರ ಕಳೆದಂತೆ ಕಡಿಮೆಯಾಗುತ್ತವೆ. ಅವು ಹೆಚ್ಚಿರುವಾಗ ಲಸಿಕೆ ಹಾಕಿದರೆ ಅದನ್ನೂ ನಿಷ್ಫಲಗೊಳಿಸುತ್ತವೆ. ತೀರ ಕಡಿಮೆಯಾದಾಗ ಪಾರ್ವೊ, ಡಿಸ್ಟೆಂಪರ್‌ಗಳಂಥ ಮಾರಕ ರೋಗಗಳನ್ನು ತಡೆಯಲಾರವು. ಪ್ರತಿಕಾಯ ಯಾವಾಗ ಇಳಿಯುವುದೆಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಹದಿನಾರನೆಯ ವಾರದವರೆಗೆ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಬೇಕು. ಅದು ಮುಗಿಯುವವರೆಗೆ ಮರಿಯನ್ನು ಬೀದಿಗೆ ಬಿಡದೆ, ಮನೆಯಲ್ಲೇ ಹಲವರ ಪರಿಚಯ ಮಾಡಿಸುವುದು ಜಾಣತನ.

ಇವೆಲ್ಲವನ್ನೂ ತೂಗಿ ನೋಡಿದಾಗ ಎಂಟು ವಾರ ತುಂಬಿದ ಮೇಲಿನ ದಿನಗಳೇ ಸೂಕ್ತ. ತಾಯಿಯ ಪಾಠ ಬಹುಪಾಲು ಮುಗಿದಿರುತ್ತದೆ. ಮನುಷ್ಯರನ್ನು ಒಪ್ಪಿಕೊಳ್ಳುವ ಬಾಗಿಲು ಇನ್ನೂ ತೆರೆದಿರುತ್ತದೆ. ಎಂಟು ವಾರಕ್ಕೆ ಮೊದಲು ಮರಿಗಳನ್ನು ಮಾರಬಾರದೆಂದು ಭಾರತ ಸರ್ಕಾರದ 2017ರ ನಿಯಮವೂ ಹೇಳುತ್ತದೆ.

ಮಕ್ಕಳಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಮರಿಗಳಿಗೂ ರೇಬೀಸ್ ಬರಬಹುದು. ಮರಿ ಕಚ್ಚಿದರೆ ಅಥವಾ ಪರಚಿದರೆ 'ಮರಿಯಲ್ಲವೇ' ಎಂದು ಸುಮ್ಮನಿರಬಾರದು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಶಾಲೆಯ ಹಿಂದಿನ ಮರಿಗಳನ್ನು ಎಂಟು ವಾರ ದೂರದಿಂದಲೇ ನೋಡಿ ಬೆಳವಣಿಗೆಯನ್ನು ಬರೆದಿಟ್ಟರೆ, ಅದೇ ಒಂದು ಒಳ್ಳೆಯ ವಿಜ್ಞಾನ ಚಟುವಟಿಕೆ.